ಟ್ಯಾಲಿ ಕಲಿಯಲು ಎರಡು ಬಿಲ್ ಸಾಕು

ಖರೀದಿ, ಮಾರಾಟ, ಸ್ಟಾಕು, ಬಾಕಿ, ಜಿಎಸ್‌ಟಿ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳಲು ನಮ್ಮ ಊರುಗಳ ಹೋಲ್‌ಸೇಲ್ ಅಂಗಡಿ, ಆಡಿಟರ್ ಆಫೀಸುಗಳಲ್ಲಿ ಹೆಚ್ಚಾಗಿ ಬಳಸುವುದು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಂಪನಿಯದು. ಈಗ ಚಾಲ್ತಿಯಲ್ಲಿರುವುದು 2020ರಲ್ಲಿ ಬಂದ ಟ್ಯಾಲಿಪ್ರೈಮ್. ಅದಕ್ಕೂ ಹಿಂದಿನ ಆವೃತ್ತಿಯಾದ ಇಆರ್‌ಪಿ 9ರ ವಿಡಿಯೊ ನೋಡಿ ಕಲಿಯಬೇಡಿ, ಕೀಗಳು ಬದಲಾಗಿವೆ. ಅದರಲ್ಲಿ ಕಂಟ್ರೋಲ್+ಎಫ್8 ಒತ್ತಿದರೆ ಕ್ರೆಡಿಟ್ ನೋಟ್ ಬರುತ್ತಿತ್ತು, ಇದರಲ್ಲಿ ಸೇಲ್ಸ್ ಆರ್ಡರ್ ಬರುತ್ತದೆ.

ಕಲಿಯಲು ಲೈಸೆನ್ಸ್ ಕೊಳ್ಳಬೇಕಿಲ್ಲ. ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡು, ಮೊದಲ ಪರದೆಯಲ್ಲಿ ಎಜುಕೇಶನಲ್ ಮೋಡ್ ಆರಿಸಿ. ಇದರಲ್ಲಿ ತಿಂಗಳ ಎಲ್ಲ ತಾರೀಖುಗಳೂ ನಡೆಯುವುದಿಲ್ಲ. 15ನೇ ತಾರೀಖು ಹಾಕಿದರೆ ಒಪ್ಪದು. ಅಭ್ಯಾಸವನ್ನೆಲ್ಲ 1 ಮತ್ತು 2ನೇ ತಾರೀಖಿನಲ್ಲೇ ಮಾಡಿ.

ಮೊದಲು ಕಂಪನಿ. ಆಲ್ಟ್+ಕೆ ಒತ್ತಿ ಕ್ರಿಯೇಟ್‌ಗೆ ಹೋಗಿ. ಹೆಸರು ಯಾವುದಾದರೂ ಇರಲಿ, ರಾಜ್ಯದ ಜಾಗದಲ್ಲಿ ಕರ್ನಾಟಕ, ಹಣಕಾಸು ವರ್ಷದ ಆರಂಭ ಏಪ್ರಿಲ್ 1. ರಾಜ್ಯ ತಪ್ಪಿದರೆ ಊರೊಳಗಿನ ಬಿಲ್ಲಿಗೂ ಐಜಿಎಸ್‌ಟಿ (ಹೊರರಾಜ್ಯದ ವ್ಯಾಪಾರಕ್ಕೆ ಹಾಕುವ ತೆರಿಗೆ) ಕೇಳುತ್ತದೆ. ಬಳಿಕ ಎಫ್11ರಲ್ಲಿ ಜಿಎಸ್‌ಟಿಗೆ ಯೆಸ್ ಕೊಡಿ. ನಿಜವಾದ ಅಂಗಡಿಯ ಲೆಕ್ಕವಾದರೆ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ) 15 ಅಕ್ಷರ ಇದೆಯೇ, 29ರಿಂದ ಶುರುವಾಗಿದೆಯೇ ನೋಡಿ. 29 ಕರ್ನಾಟಕದ ಕೋಡ್.

ಇನ್ನು ಲೆಡ್ಜರ್, ಅಂದರೆ ಒಂದೊಂದು ಬಾಬ್ತಿನ ಖಾತೆ. ಟ್ಯಾಲಿ ತಾನಾಗಿ ಕೊಡುವುದು ಕ್ಯಾಶ್ ಮತ್ತು ಪ್ರಾಫಿಟ್ ಅಂಡ್ ಲಾಸ್ ಎಂಬ ಎರಡನ್ನು ಮಾತ್ರ. ಮಿಕ್ಕಿದ್ದನ್ನು ನಾವೇ ತೆರೆಯಬೇಕು. ಪ್ರತಿ ಲೆಡ್ಜರಿಗೂ ‘ಅಂಡರ್’ ಎಂಬ ಜಾಗದಲ್ಲಿ ಒಂದು ಗುಂಪನ್ನು ಕೇಳುತ್ತದೆ, ಮೊದಲೇ ಸಿದ್ಧವಿರುವ ಗುಂಪುಗಳು 28. ಹೊಸಬರ ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲೇ. ಮಾಲು ತರಿಸಿದ ಲಾರಿ ಬಾಡಿಗೆ ಡೈರೆಕ್ಟ್ ಎಕ್ಸ್‌ಪೆನ್ಸಸ್, ಅಂಗಡಿ ಬಾಡಿಗೆ ಇನ್‌ಡೈರೆಕ್ಟ್. ಎರಡನ್ನೂ ಒಂದೇ ಕಡೆ ಹಾಕಿದರೆ ಗ್ರಾಸ್ ಲಾಭ (ಅಂಗಡಿ ಖರ್ಚು ಕಳೆಯುವ ಮೊದಲಿನ ಲಾಭ) ಸುಳ್ಳಾಗುತ್ತದೆ. ಅಂಗಡಿಗೆ ತಂದ ಕಂಪ್ಯೂಟರ್ ಫಿಕ್ಸೆಡ್ ಅಸೆಟ್ಸ್. ಮಾಲೀಕರು ಮನೆ ಖರ್ಚಿಗೆ ತೆಗೆದದ್ದು ಕ್ಯಾಪಿಟಲ್ ಅಕೌಂಟ್ ಅಡಿಯಲ್ಲಿ, ಅಂಗಡಿ ಖರ್ಚಿನಲ್ಲಿ ಅಲ್ಲ. ಗುಂಪು ತಪ್ಪಾದರೂ ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಸರಿಯಾಗಿಯೇ ಕೂಡುತ್ತವೆ, ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ವರ್ಷದ ಕೊನೆಗೆ ಆಡಿಟರ್ ಕೇಳಿದಾಗಲೇ ಗೊತ್ತಾಗುವುದು.

ಅಭ್ಯಾಸಕ್ಕೆ ಇಷ್ಟು ತೆರೆಯಿರಿ: ಮಾಲೀಕರ ಬಂಡವಾಳ (ಕ್ಯಾಪಿಟಲ್ ಅಕೌಂಟ್), ಬ್ಯಾಂಕು (ಬ್ಯಾಂಕ್ ಅಕೌಂಟ್ಸ್), ಮಾಲು ಕೊಡುವ ಪಾರ್ಟಿ (ಸಂಡ್ರಿ ಕ್ರೆಡಿಟರ್ಸ್), ಗಿರಾಕಿ (ಸಂಡ್ರಿ ಡೆಟರ್ಸ್), ಖರೀದಿ, ಮಾರಾಟ. ಸಿಜಿಎಸ್‌ಟಿ (ಜಿಎಸ್‌ಟಿಯಲ್ಲಿ ಕೇಂದ್ರದ ಪಾಲು), ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎರಡೂ ಡ್ಯೂಟೀಸ್ ಅಂಡ್ ಟ್ಯಾಕ್ಸಸ್ ಅಡಿಯಲ್ಲಿ, ತೆರಿಗೆಯ ಬಗೆಯನ್ನೂ ತುಂಬಿ. ಪೈಸೆ ಸರಿದೂಗಿಸಲು ರೌಂಡ್ ಆಫ್ ಎಂಬ ಲೆಡ್ಜರನ್ನು ಇನ್‌ಡೈರೆಕ್ಟ್ ಎಕ್ಸ್‌ಪೆನ್ಸಸ್‌ನಲ್ಲಿ ತೆರೆದು, ಬಗೆಯನ್ನು ಇನ್‌ವಾಯ್ಸ್ ರೌಂಡಿಂಗ್, ಮಿತಿಯನ್ನು 1 ಎಂದಿಡಿ. ಪಾರ್ಟಿಗಳಿಬ್ಬರಿಗೂ ರಾಜ್ಯ ಕರ್ನಾಟಕ, ಬಾಕಿಯನ್ನು ಬಿಲ್ಲುವಾರು ಇಡಲು ಬಿಲ್ ಬೈ ಬಿಲ್‌ಗೆ ಯೆಸ್. ಆಮೇಲೆ ನಾಸ್ (ಎಣಿಕೆ) ಎಂಬ ಯೂನಿಟ್, ಪಿವಿಸಿ ಪೈಪ್ ಎಂಬ ಐಟಂ. ಅದರ ಎಚ್‌ಎಸ್‌ಎನ್ (ಜಿಎಸ್‌ಟಿಯಲ್ಲಿ ಸರಕನ್ನು ಗುರುತಿಸುವ ಕೋಡ್) 3917, ತೆರಿಗೆ ಶೇ 18.

ಈಗ ವೋಚರ್, ಅಂದರೆ ಒಂದೊಂದು ವ್ಯವಹಾರದ ದಾಖಲೆ. ಎಫ್6 ಒತ್ತಿ ರಸೀದಿ ತೆರೆಯಿರಿ. ಮೇಲೆ ಅಕೌಂಟ್ ಎಂದಿರುವಲ್ಲಿ ಬ್ಯಾಂಕು, ಕೆಳಗೆ ಬಂಡವಾಳ, ಮೊತ್ತ 20,000. ರಸೀದಿಯಿರಲಿ, ಪಾವತಿಯಿರಲಿ, ಮೇಲೆ ಬರಬೇಕಾದದ್ದು ಕ್ಯಾಶ್ ಅಥವಾ ಬ್ಯಾಂಕು. ಬಹಳ ಜನ ಇಲ್ಲಿ ಪಾರ್ಟಿಯನ್ನು ಹುಡುಕುತ್ತಾ ಕೂರುತ್ತಾರೆ. ಉಳಿಸಲು ಕಂಟ್ರೋಲ್+ಎ, ತಾರೀಖು ಬದಲಿಸಲು ಎಫ್2.

ಎಫ್9, ಖರೀದಿ: 20 ಪೈಪು, ತಲಾ ₹250. ಐಟಂ ಕೇಳುವ ಜಾಗವೇ ಕಾಣದಿದ್ದರೆ ಕಂಟ್ರೋಲ್+ಎಚ್ ಒತ್ತಿ ಐಟಂ ಇನ್‌ವಾಯ್ಸ್ ಆರಿಸಿ. ಮೊತ್ತ 5,000. ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಆರಿಸಿದೊಡನೆ 450 ಮತ್ತು 450 ತಾನಾಗಿ ಬರಬೇಕು, ಒಟ್ಟು 5,900. ಸೊನ್ನೆ ಬಂದರೆ ಕೈಯಿಂದ ಹೊಡೆಯಬೇಡಿ, ಜಿಎಸ್‌ಟಿ ರಿಟರ್ನ್ ಹಾಕುವಾಗ ಆ ಬಿಲ್ಲು ತಕರಾರು ಮಾಡುತ್ತದೆ. ಐಟಂಗೆ ದರ ಕೊಟ್ಟಿಲ್ಲ, ಪಾರ್ಟಿಯ ರಾಜ್ಯ ಬಿಟ್ಟುಹೋಗಿದೆ, ಇಲ್ಲವೇ ತೆರಿಗೆ ಲೆಡ್ಜರಿನ ಬಗೆ ತಪ್ಪಿದೆ ಎಂದರ್ಥ.

ಎಫ್8, ಮಾರಾಟ, 2ನೇ ತಾರೀಖು: 8 ಪೈಪು, ತಲಾ ₹320, ಮೊತ್ತ 2,560. ತೆರಿಗೆ 230.40 ಎರಡು ಸಲ, ರೌಂಡ್ ಆಫ್ 0.20, ಬಿಲ್ಲು ₹3,021.

ಎಫ್5ರಲ್ಲಿ ಬ್ಯಾಂಕಿನಿಂದ ಪಾರ್ಟಿಗೆ 5,900 ಕೊಡಿ, ಎಫ್6ರಲ್ಲಿ ಗಿರಾಕಿಯಿಂದ 3,021 ಬ್ಯಾಂಕಿಗೆ ತುಂಬಿಸಿಕೊಳ್ಳಿ. ಎರಡರಲ್ಲೂ ಯಾವ ಬಿಲ್ಲಿಗೆ ಎಂದು ಕೇಳಿದಾಗ ಅಗೇನ್‌ಸ್ಟ್ ರೆಫ್ ಆರಿಸಿ ಆ ಬಿಲ್ಲನ್ನೇ ತೋರಿಸಿ. ಅವಸರಕ್ಕೆ ಆನ್ ಅಕೌಂಟ್ ಎಂದು ಹಾಕಿದರೆ ದುಡ್ಡು ಬಂದ ಮೇಲೂ ಬಾಕಿ ಪಟ್ಟಿಯಲ್ಲಿ ಬಿಲ್ಲು ಹಾಗೇ ನಿಂತಿರುತ್ತದೆ. ಕೊಟ್ಟಾಗಿರುವ ಗಿರಾಕಿಗೆ ಮತ್ತೆ ಫೋನ್ ಮಾಡಿ ಮುಜುಗರ ಪಡುವುದು ಇದರಿಂದಲೇ.

ಈಗ ತಾಳೆ ನೋಡಿ. ಆಲ್ಟ್+ಜಿ ಒತ್ತಿ ವರದಿಯ ಹೆಸರು ಬೆರಳಚ್ಚಿಸಿದರೆ ಸಾಕು. ಅವಧಿ ಬದಲಿಸಲು ಆಲ್ಟ್+ಎಫ್2. ಸ್ಟಾಕ್ ಸಮ್ಮರಿಯಲ್ಲಿ 12 ಪೈಪು, ಬೆಲೆ 3,000. ಬ್ಯಾಂಕಿನಲ್ಲಿ 17,121. ಗ್ರಾಸ್ ಲಾಭ 560, ನಿವ್ವಳ 560.20. ತೆರಿಗೆ ಲೆಡ್ಜರುಗಳೆರಡೂ ಸೇರಿ ನಮ್ಮ ಕಡೆಗೆ 439.20 ಡೆಬಿಟ್. ಖರೀದಿಯಲ್ಲಿ ಕಟ್ಟಿದ 900ರಲ್ಲಿ ಮಾರಾಟದಲ್ಲಿ ವಸೂಲಾದ 460.80 ಕಳೆದು ಉಳಿದದ್ದು ಅದು. ಯಾವುದಾದರೂ ಅಂಕಿ ಹೊಂದದಿದ್ದರೆ ಅದರ ಮೇಲೆ ಎಂಟರ್ ಒತ್ತುತ್ತಾ ಹೋಗಿ, ತಪ್ಪಿದ ವೋಚರಿಗೇ ತಲುಪುತ್ತೀರಿ.

ತಪ್ಪಾದ ಮಾರಾಟದ ಬಿಲ್ಲನ್ನು ಆಲ್ಟ್+ಡಿ ಒತ್ತಿ ಅಳಿಸುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ. ಆಲ್ಟ್+ಎಕ್ಸ್ ಒತ್ತಿ ರದ್ದು ಮಾಡಿದರೆ ಬಿಲ್ ನಂಬರು ಉಳಿಯುತ್ತದೆ, ಸರಣಿಯಲ್ಲಿ ತೂತು ಬೀಳುವುದಿಲ್ಲ. ದಿನದ ಕೊನೆಗೆ ಆಲ್ಟ್+ವೈ ಒತ್ತಿ ಬ್ಯಾಕಪ್ ತೆಗೆಯಿರಿ. ಅದೇ ಕಂಪ್ಯೂಟರಿನ ಇನ್ನೊಂದು ಡ್ರೈವಿಗೆ ಬೇಡ, ಪೆನ್‌ಡ್ರೈವಿಗೆ ಹಾಕಿ.