ನ್ಯೂಜೆರ್ಸಿಯಲ್ಲಿ ನಾನೇ ಪರ್ಮಿಟ್ ತೆಗೆಸಿ ಕಟ್ಟಿದ ಡೆಕ್: ನನ್ನ ಅನುಭವ

ನಮ್ಮ ಅಡುಗೆಮನೆಯ ಹಿಂದಿನ ಗಾಜಿನ ಬಾಗಿಲನ್ನು ತೆರೆದರೆ ಕಾಲಿಡಲು ಏನೂ ಇರಲಿಲ್ಲ. ನೆಲ 38 ಅಂಗುಲ ಕೆಳಗಿತ್ತು. ಯಾರೂ ಬೀಳದಿರಲೆಂದು ಹಳೆಯ ಮಾಲೀಕರು ಅಡ್ಡಲಾಗಿ ಎರಡು ಹಲಗೆ ಹೊಡೆದಿದ್ದರು. ಆ ಹಲಗೆಗಳನ್ನು ಕಿತ್ತು, ಅಲ್ಲಿ 16 ಅಡಿ ಉದ್ದ ಮತ್ತು 12 ಅಡಿ ಅಗಲದ ಡೆಕ್, ಅಂದರೆ ಹಲಗೆ ಹಾಸಿದ ಜಗಲಿ, ಕಟ್ಟಿ, ಇಲ್ಲಿನ ಸ್ಥಳೀಯ ಆಡಳಿತವಾದ ಟೌನ್‌ಶಿಪ್‌ನಿಂದ ಅಂತಿಮ ಒಪ್ಪಿಗೆಯ ಪತ್ರ ಪಡೆಯುವಷ್ಟರಲ್ಲಿ ನನಗೆ ಹೆಚ್ಚುಕಡಿಮೆ ಹದಿನಾಲ್ಕು ತಿಂಗಳು ಹಿಡಿಯಿತು. ನಮ್ಮ ಕನ್ನಡದ ಬಳಗದಲ್ಲಿ ಇದು ನನ್ನಿಂದ ಆಗುವ ಕೆಲಸವೆಂದು ನಂಬಿದ್ದವರು ಒಬ್ಬರೂ ಇರಲಿಲ್ಲ. ಹಾಸನದ ಕಡೆಯ ಹಿರಿಯರೊಬ್ಬರು, ಇಲ್ಲಿ ಮೂವತ್ತು ವರ್ಷದಿಂದ ಇರುವವರು, "ಕಂಟ್ರಾಕ್ಟರ್ ಇಲ್ಲದೆ ಪರ್ಮಿಟ್ ಕೊಡುವುದಿಲ್ಲ ಕಣಯ್ಯಾ, ಸುಮ್ಮನೆ ಅಲೆಯಬೇಡ" ಎಂದು ಎರಡು ಯುಗಾದಿಗಳಲ್ಲಿ ಹೇಳಿದ್ದರು. ಮೂರನೆಯ ಯುಗಾದಿಯ ಒಬ್ಬಟ್ಟನ್ನು ಅವರು ಆ ಡೆಕ್ಕಿನ ಮೇಲೆಯೇ ಕುಳಿತು ತಿಂದರು ಎಂಬುದನ್ನು ದಾಖಲಿಸದೆ ಮುಂದೆ ಹೋಗಲಾರೆ.

ಅವರ ಮಾತು ತಪ್ಪು. ನ್ಯೂಜೆರ್ಸಿಯಲ್ಲಿ ತಾನೇ ವಾಸಿಸುವ ಒಂಟಿ ಕುಟುಂಬದ ಮನೆಗೆ ಮಾಲೀಕನೇ ನಕ್ಷೆ ಬರೆಯಬಹುದು, ಮಾಲೀಕನೇ ಕೆಲಸ ಮಾಡಬಹುದು. ಹಾಗೆಂದು ಒಂದು ಹೇಳಿಕೆಗೆ ಸಹಿ ಹಾಕಿ ಅರ್ಜಿಯೊಂದಿಗೆ ಕೊಡಬೇಕು, ಅಷ್ಟೆ. ನಾನು ಕೇಳಿದ್ದ ಮೂವರು ಕಂಟ್ರಾಕ್ಟರ್‌ಗಳ ಅಂದಾಜು 21 ಸಾವಿರದಿಂದ 28 ಸಾವಿರ ಡಾಲರ್‌ಗಳವರೆಗೆ ಇತ್ತು. ಅವರಲ್ಲೊಬ್ಬರು, ಪರ್ಮಿಟ್ ಬೇಡವೆಂದರೆ ನಾಲ್ಕು ಸಾವಿರ ಕಡಿಮೆ ಮಾಡುವುದಾಗಿಯೂ ಹೇಳಿದರು. ಆ ಆಸೆಗೆ ಬಿದ್ದಿದ್ದ ಗೆಳೆಯರೊಬ್ಬರು ಮನೆ ಮಾರುವಾಗ, ಕೊಳ್ಳುವವರ ವಕೀಲರು ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಟೌನ್‌ಶಿಪ್‌ನಿಂದ ಆ ಮನೆಯ ಪರ್ಮಿಟ್‌ಗಳ ಪಟ್ಟಿ ತರಿಸಿದರು. ಡೆಕ್ ಕಣ್ಣೆದುರಿಗಿದೆ, ಕಾಗದದಲ್ಲಿಲ್ಲ. ಹಾಸಿದ ಹಲಗೆಗಳನ್ನು ಕಿತ್ತು ಒಳಗಿನ ಜೋಡಣೆ ತೋರಿಸಿ, ಹಿಂದಿನಿಂದ ಪರ್ಮಿಟ್ ತೆಗೆಸುವುದರಲ್ಲಿ ಅವರಿಗೆ ಉಳಿದಿದ್ದ ನಾಲ್ಕು ಸಾವಿರಕ್ಕಿಂತ ಹೆಚ್ಚೇ ಕರಗಿತು.

ನಾನು ಮೊದಲು ಎಡವಿದ್ದು ಇನ್ನೂರು ಚದರಡಿಯ ನಂಬಿಕೆಯಲ್ಲಿ. ಅಮೆರಿಕದ ಮಾದರಿ ವಸತಿ ಸಂಹಿತೆಯಲ್ಲಿ, ಅಂದರೆ ಐ.ಆರ್.ಸಿ.ಯಲ್ಲಿ, 200 ಚದರಡಿ ಮೀರದ, ನೆಲದಿಂದ 30 ಅಂಗುಲಕ್ಕಿಂತ ಎತ್ತರವಿಲ್ಲದ, ಮನೆಗೆ ಅಂಟಿಕೊಳ್ಳದ, ಮನೆಯ ಮುಖ್ಯ ನಿರ್ಗಮನದ ಬಾಗಿಲಿಗೆ ಸೇರದ ಡೆಕ್‌ಗೆ ಪರ್ಮಿಟ್ ಬೇಡವೆಂದಿದೆ. ಈ ನಾಲ್ಕೂ ಷರತ್ತುಗಳು ಒಟ್ಟಿಗೆ ಕೂಡಿಬರಬೇಕು. ಆದರೆ ಎಲ್ಲರ ಬಾಯಲ್ಲಿ ಉಳಿದಿರುವುದು ಇನ್ನೂರು ಎಂಬ ಸಂಖ್ಯೆ ಮಾತ್ರ. ನನ್ನದು 192 ಚದರಡಿಯಾಗುವಂತೆ ಲೆಕ್ಕ ಹಾಕಿ ಬೀಗಿದ್ದೆ, ಎತ್ತರ 38 ಅಂಗುಲವಿರುವುದನ್ನು ಮರೆತೇಬಿಟ್ಟಿದ್ದೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ನ್ಯೂಜೆರ್ಸಿ ಆ ಸಂಹಿತೆಯನ್ನು ಒಪ್ಪಿಕೊಳ್ಳುವಾಗ ಅದರ ಆಡಳಿತದ ಮೊದಲ ಅಧ್ಯಾಯವನ್ನೇ ತೆಗೆದುಹಾಕಿ, ಆ ಜಾಗದಲ್ಲಿ ತನ್ನದೇ ಯೂನಿಫಾರ್ಮ್ ಕನ್ಸ್‌ಟ್ರಕ್ಷನ್ ಕೋಡ್ ಇಟ್ಟುಕೊಂಡಿದೆ. ಪರ್ಮಿಟ್ ವಿನಾಯಿತಿಯ ಆ ಪಟ್ಟಿ ಇರುವುದು ಆ ಮೊದಲ ಅಧ್ಯಾಯದಲ್ಲಿಯೇ. ಬೇರೆ ರಾಜ್ಯದಲ್ಲಿರುವವರ ಮಾತನ್ನು ಇಲ್ಲಿ ನಂಬಬಾರದೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಎರಡನೆಯ ಪೆಟ್ಟು ಜೋನಿಂಗ್‌ನಲ್ಲಿ ಬಿತ್ತು. ನಿಯಮ ಒಂದಲ್ಲ, ಎರಡು: ಎಲ್ಲಿ, ಎಷ್ಟು ಕಟ್ಟಬಹುದೆಂಬುದು ಟೌನ್‌ಶಿಪ್‌ನ ಜೋನಿಂಗ್ ನಿಯಮ, ಹೇಗೆ ಕಟ್ಟಬೇಕೆಂಬುದು ರಾಜ್ಯದ ಕಟ್ಟಡ ಸಂಹಿತೆ. ಮೊದಲನೆಯದು ಕೈಗೆ ಬಾರದೆ ಎರಡನೆಯದರ ಕಡತ ತೆರೆಯುವುದೇ ಇಲ್ಲ. ನಮ್ಮಲ್ಲಿ ಡೆಕ್ಕಿನ ಅಂಚಿಗೂ ಹಿಂದಿನ ಗಡಿಗೂ ನಡುವೆ 15 ಅಡಿ ಬಿಡಬೇಕು. ನಾನು ಟೇಪ್ ಹಿಡಿದು ಹಿಂದಿನ ಗೋಡೆಯಿಂದ ಬೇಲಿಯವರೆಗೆ ಅಳೆದೆ, 29 ಅಡಿ ಬಂತು. ಹೇಗೂ ಪರ್ಮಿಟ್ ಬೇಕೆಂದಾದ ಮೇಲೆ ಇನ್ನೂರು ಚದರಡಿಯೊಳಗೆ ಇರಬೇಕಾಗಿಲ್ಲವೆಂದು, ಮೊದಲಿನ 12ರ ಬದಲು 14 ಅಡಿ ಅಗಲದ ಡೆಕ್ ಬರೆದು ಕೊಟ್ಟೆ. ಹತ್ತು ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕೆಂಬುದು ಕಾನೂನು, ಒಂಬತ್ತನೆಯ ದಿನ ತಿರಸ್ಕಾರ ಬಂತು. ಮನೆ ಕೊಂಡಾಗಿನ ಸರ್ವೇ ನಕ್ಷೆಯನ್ನು ಆಗ ಬಿಡಿಸಿ ನೋಡಿದರೆ ಗಡಿ ಇರುವುದು 27 ಅಡಿಗೆ. ಬೇಲಿ ಹಾಕಿದವರು ಎರಡು ಅಡಿ ಹಿಂದಿನವರ ಜಾಗದೊಳಗೆ ಹೋಗಿದ್ದರು. ಬೇಲಿಯೇ ಗಡಿಯೆಂದು ನಂಬಿ ಅಳೆದವನು ನಾನು. ಊರಿನ ತೋಟದಲ್ಲಿ ಬಾಂದುಕಲ್ಲು ಹುಡುಕದೆ ಬೇಲಿ ಹಾಕಬಾರದೆಂದು ತಂದೆಯವರು ಹೇಳುತ್ತಿದ್ದುದು ಅಟ್ಲಾಂಟಿಕ್ ದಾಟುವಾಗ ಮರೆತುಹೋಗಿತ್ತು.

ಹೀಗೆ 14 ಅಡಿ 12 ಆಯಿತು. ಅದು ಸಾಲದೆಂಬಂತೆ, ಹಳೆಯ ಮಾಲೀಕರು ಹಾಸಿದ್ದ ಪೇವರ್ ಇಟ್ಟಿಗೆಗಳ ಅಂಗಳ ಸರ್ವೇ ನಕ್ಷೆಯಲ್ಲಿ ಇರಲಿಲ್ಲ. ಮಳೆನೀರು ಇಂಗದ ಮೇಲ್ಮೈ ನಿವೇಶನದ ಶೇಕಡ ಇಂತಿಷ್ಟೇ ಇರಬೇಕೆಂಬ ಮಿತಿಯನ್ನು ಅದರಿಂದಾಗಿ ನಾವು ಆಗಲೇ ಸಮೀಪಿಸಿದ್ದೆವು. ನಮ್ಮ ಟೌನ್‌ಶಿಪ್ ಡೆಕ್ಕನ್ನೂ ಆ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸುತ್ತದೆ, ಪಕ್ಕದ ಟೌನ್‌ಶಿಪ್ ಸೇರಿಸುವುದಿಲ್ಲ. ಸುಮಾರು 60 ಚದರಡಿ ಪೇವರ್ ಕಿತ್ತು, ಅಲ್ಲಿ ಹುಲ್ಲು ಹಾಕಿ, ಫೋಟೋ ಲಗತ್ತಿಸಿ ಮತ್ತೆ ಅರ್ಜಿ ಕೊಟ್ಟೆ. ಎರಡನೆಯ ಅರ್ಜಿಯ ಮೊದಲ ಹಾಳೆಯನ್ನು ನಾನು ಹೊಂದಿಸಿದ ರೀತಿಯೊಂದಿದೆ. ಅದನ್ನು ನೋಡಿದ ಅಧಿಕಾರಿ ಮೂರೇ ದಿನದಲ್ಲಿ ಸಹಿ ಹಾಕಿದರು. ಅದನ್ನು ಇಲ್ಲಿ ವಿವರಿಸುವುದಿಲ್ಲ, ಮುಂದಿನ ಅರ್ಜಿಗೂ ನನಗೆ ಅದು ಬೇಕು.

ಇದರ ನಡುವೆ ಒಂದು ಅಡ್ಡದಾರಿಗೂ ಹೋಗಿ ಬಂದೆ. ಡೆಕ್ ಕಟ್ಟುವ ಗಲಾಟೆಯಲ್ಲಿಯೇ ಅಡುಗೆಮನೆಯನ್ನು ನಾಲ್ಕು ಅಡಿ ಹಿಂದಕ್ಕೆ ಚಾಚಿದರೆ ಹೇಗೆಂದು ನನ್ನ ಶ್ರೀಮತಿ ಕೇಳಿದರು. ಕೇಳುವುದಕ್ಕೆ ಸಣ್ಣ ವಿಷಯ. ಆದರೆ ಗೋಡೆ, ಚಾವಣಿ ಬಂದೊಡನೆ ಅದು ಡೆಕ್ ಅಲ್ಲ, ಮುಖ್ಯ ಕಟ್ಟಡ. ಅದಕ್ಕೆ ಹಿಂದೆ ಬಿಡಬೇಕಾದದ್ದು 25 ಅಡಿ. ನಮಗಿರುವುದು 27, ಆದ್ದರಿಂದ ಎರಡು ಅಡಿ ಮಾತ್ರ ಚಾಚಬಹುದು. ಉಳಿದ ಎರಡು ಅಡಿಗೆ ವೇರಿಯನ್ಸ್, ಅಂದರೆ ನಿಯಮದಿಂದ ವಿನಾಯಿತಿ, ಕೇಳಬೇಕು: ನಮ್ಮ ನಿವೇಶನದಿಂದ 200 ಅಡಿಯೊಳಗಿನ ಪ್ರತಿ ಮಾಲೀಕರಿಗೂ ನೋಟಿಸ್ ಮುಟ್ಟಿಸಿ, ಸಾರ್ವಜನಿಕ ಪ್ರಕಟಣೆ ಕೊಟ್ಟು, ಅದೆಲ್ಲ ವಿಚಾರಣೆಗೆ ಹತ್ತು ದಿನ ಮುಂಚೆಯೇ ಮುಗಿದಿರಬೇಕು, ಆಮೇಲೆ ಟೌನ್‌ಶಿಪ್‌ನ ಜೋನಿಂಗ್ ಬೋರ್ಡಿನ ಮುಂದೆ ನಿಂತು, ನಮ್ಮ ನಿವೇಶನಕ್ಕಿರುವ ತೊಡಕನ್ನು ಸಾಬೀತುಪಡಿಸಬೇಕು. ನಮ್ಮ ಸುತ್ತ ನಲವತ್ತರಷ್ಟು ಮನೆಗಳಿವೆ. ಸರ್ಟಿಫೈಡ್ ಟಪಾಲು, ಶುಲ್ಕ, ಟೌನ್‌ಶಿಪ್‌ನ ಎಂಜಿನಿಯರ್ ಪರಿಶೀಲನೆಗೆ ಇಡುವ ಠೇವಣಿ ಎಲ್ಲ ಸೇರಿಸಿದರೆ ಎರಡೂವರೆ ಸಾವಿರ ಡಾಲರ್ ಮೀರುತ್ತಿತ್ತು. ಒಂದು ಊಟದ ಮೇಜಿಗಾಗಿ ಅಷ್ಟು ಮಂದಿಗೆ ಪತ್ರ ಬರೆಯುವುದು ಬೇಡವೆಂದು ಇಬ್ಬರೂ ಒಪ್ಪಿಕೊಂಡೆವು.

ಕಟ್ಟಡದ ಪರ್ಮಿಟ್‌ಗೆ ಇಪ್ಪತ್ತು ಕೆಲಸದ ದಿನಗಳ ಅವಧಿ. ನಕ್ಷೆಯನ್ನು ಚೌಕಳಿ ಹಾಳೆಯ ಮೇಲೆ ಕೈಯಲ್ಲೇ ಬರೆದೆ. ಅದು ಕೆಂಪು ಟಿಪ್ಪಣಿಗಳೊಂದಿಗೆ ಹಿಂತಿರುಗಿತು, ಒಂದೊಂದೂ ನ್ಯಾಯವಾಗಿಯೇ ಇತ್ತು. ಹಲಗೆಗಳನ್ನು ಹೊರುವ ಜಾಯಿಸ್ಟ್ ತೊಲೆಗಳು 2×8 ಅಳತೆಯವು ಎಂದು ಬರೆದಿದ್ದೆ, ಮರದ ಜಾತಿ ಬರೆದಿರಲಿಲ್ಲ. ಸದರ್ನ್ ಪೈನ್ ನಂಬರ್ 2 ಆದರೆ 16 ಅಂಗುಲದ ಅಂತರದಲ್ಲಿ 11 ಅಡಿ 10 ಅಂಗುಲದವರೆಗೆ ಚಾಚಬಹುದು, ಬೇರೆ ಮರವಾದರೆ ಮಿತಿ ಬೇರೆ. ನನ್ನದು ಗೋಡೆಯಿಂದ ಬೀಮಿಗೆ 10 ಅಡಿ, ಅದರಾಚೆಗೆ 2 ಅಡಿ ಮುಂಚಾಚು, ಆದ್ದರಿಂದ ಜಾತಿ ಬರೆದೊಡನೆ ಅದು ತೇರ್ಗಡೆಯಾಯಿತು. ಗೋಡೆಗೆ ಲೆಜರ್ ಎಂಬ ಆಧಾರದ ಹಲಗೆಯನ್ನು ಬಿಗಿಯುವ ಅರ್ಧ ಅಂಗುಲದ ಲ್ಯಾಗ್ ತಿರುಪುಗಳ ನಡುವಿನ ಅಂತರ ಬರೆದಿರಲಿಲ್ಲ. 10 ಅಡಿಗೆ ಅದು 18 ಅಂಗುಲ, ಮೇಲೊಂದು ಕೆಳಗೊಂದು. ಡೆಕ್ ಮನೆಯಿಂದ ಹೊರಕ್ಕೆ ಕಿತ್ತು ಬಾರದಂತೆ ಹಿಡಿಯುವ ಟೆನ್ಷನ್ ಕೊಂಡಿಗಳನ್ನು ತೋರಿಸಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಕಂಬಗಳ ಕೆಳಗಿನ ಮೂರೂ ಕಾಂಕ್ರೀಟ್ ಫೂಟಿಂಗ್‌ಗಳನ್ನು 12 ಅಂಗುಲ ವ್ಯಾಸಕ್ಕೆ ಬರೆದಿದ್ದೆ. ನಡುವಿನ ಕಂಬಕ್ಕೆ ಸುಮಾರು 49 ಚದರಡಿಯ ಹೊರೆ ಬೀಳುತ್ತದೆ; ಚದರಡಿಗೆ 50 ಪೌಂಡ್ ಹಿಡಿದರೆ 2,450 ಪೌಂಡ್. ಮಣ್ಣಿನ ಶಕ್ತಿ ಚದರಡಿಗೆ 1,500 ಪೌಂಡ್ ಎಂದು ಇಟ್ಟುಕೊಂಡರೆ 18 ಅಂಗುಲದ ತಳ ಬೇಕೇ ಬೇಕು. ಈ ಗುಣಾಕಾರವನ್ನು ಹಾಳೆಯ ಮೂಲೆಯಲ್ಲಿಯೇ ಬರೆದು ಮೂರನ್ನೂ 18 ಮಾಡಿ ಕೊಟ್ಟೆ. ಮತ್ತೆ ಪ್ರಶ್ನೆ ಬರಲಿಲ್ಲ. ಜೋನಿಂಗ್ ಮತ್ತು ಕಟ್ಟಡ ಎರಡೂ ಸೇರಿ ಶುಲ್ಕ 350 ಡಾಲರ್ ಆಸುಪಾಸು.

ಅಗೆಯುವ ಮುನ್ನ, ನೆಲದಡಿಯ ತಂತಿ, ಪೈಪುಗಳನ್ನು ಗುರುತು ಹಾಕಿಸಲು 811ಕ್ಕೆ ಕರೆ ಮಾಡುವುದು ಇಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಮೂರು ಪೂರ್ತಿ ಕೆಲಸದ ದಿನ ಕಾಯಬೇಕು. ಗ್ಯಾಸಿನ ಹಳದಿ ಗೆರೆ, ವಿದ್ಯುತ್ತಿನ ಕೆಂಪು ಗೆರೆ ಎರಡೂ ನನ್ನ ಗುಂಡಿಗಳಿಂದ ದೂರವೇ ಇದ್ದವು. ಆದರೆ ನಮ್ಮದೇ ಹುಲ್ಲಿಗೆ ನೀರು ಬಿಡುವ ಪೈಪನ್ನು ಅವರು ಗುರುತು ಹಾಕುವುದಿಲ್ಲ, ಅದನ್ನು ಎರಡನೆಯ ಗುಂಡಿಯಲ್ಲಿ ನಾನೇ ತುಂಡರಿಸಿದೆ. ಬಾಡಿಗೆಗೆ ತಂದ, ಗುಂಡಿ ಕೊರೆಯುವ ಆಗರ್ ಯಂತ್ರ 12 ಅಂಗುಲದ್ದು. ನಮ್ಮ ಮಣ್ಣಿನ ಕಲ್ಲಿಗೆ ತಗಲಿ ನನ್ನನ್ನೇ ತಿರುಗಿಸಿತು. ನೂರು ಡಾಲರ್ ಹೋದದ್ದಾಯಿತು, ಕೊನೆಗೆ ಹಾರೆ, ಗುದ್ದಲಿಯೇ ಗತಿ.

ನಮ್ಮಲ್ಲಿ ಚಳಿಗಾಲದ ಹೆಪ್ಪು ಇಳಿಯುವ ಆಳಕ್ಕಾಗಿ 36 ಅಂಗುಲ ಅಗೆಯಬೇಕು, ಕಾಂಕ್ರೀಟ್ ಸುರಿಯುವ ಮೊದಲೇ ಗುಂಡಿ ತೋರಿಸಬೇಕು. ತಪಾಸಣೆಯ ಹಿಂದಿನ ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ಇನ್ಸ್‌ಪೆಕ್ಟರ್ ಬಂದು, ಮಾತಾಡದೆ, ಕೈಯಲ್ಲಿದ್ದ ಸರಳನ್ನು ಮೊದಲ ಗುಂಡಿಯ ತಳಕ್ಕೆ ಒತ್ತಿದರು. ಅದು ಕುಸಿದ ಮಣ್ಣಿನೊಳಗೆ ಬೆಣ್ಣೆಯಲ್ಲಿ ಇಳಿದಂತೆ ಮೂರು ಅಂಗುಲ ಇಳಿಯಿತು. ಮೇಲಿನಿಂದ ಅಳೆದರೆ 33. ಕೆದಕದ ಗಟ್ಟಿ ಮಣ್ಣು ಕಾಣುವವರೆಗೆ ತೆಗೆಯಿರಿ ಎಂದು ಕೆಂಪು ಚೀಟಿ ಅಂಟಿಸಿ ಹೋದರು. ಎರಡನೆಯ ಬಾರಿ ಮಳೆ ಬಂದರೂ ಗುಂಡಿಯ ಅಂಚು ಕುಸಿಯದಂತೆ ಒಂದು ಉಪಾಯ ಮಾಡಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಏಳು ಡಾಲರಿನ ವಸ್ತು, ಯೋಚಿಸಿದವರಿಗೆ ತಾನೇ ಹೊಳೆಯುತ್ತದೆ. 80 ಪೌಂಡಿನ ಚೀಲ 0.6 ಘನಅಡಿಯಾಗುತ್ತದೆ, ಒಂದು ಗುಂಡಿಗೆ ಒಂಬತ್ತು ಚೀಲ ಹಿಡಿದವು. ಒಟ್ಟು ಇಪ್ಪತ್ತೇಳು ಚೀಲವನ್ನು ಒಬ್ಬನೇ ಕಲಸಿದ ಮೇಲೆ ಎರಡು ದಿನ ಚಪಾತಿ ಹರಿಯುವುದೂ ಕಷ್ಟವಾಯಿತು.

ಚೌಕಟ್ಟಿನ ತಪಾಸಣೆ ಒಂದೇ ಸಲಕ್ಕೆ ಮುಗಿಯಿತು. ಲೆಜರ್ ಹಿಂದೆ ನೀರು ಇಳಿಯದಂತೆ ತಡೆಯುವ ಫ್ಲಾಶಿಂಗ್ ತಗಡನ್ನು ಇನ್ಸ್‌ಪೆಕ್ಟರ್ ಬೆರಳಿನಿಂದ ಎತ್ತಿ ನೋಡಿ ತಲೆಯಾಡಿಸಿದರು. ಆ ವಿಶ್ವಾಸದಲ್ಲಿಯೇ ನಾನು ಕೊನೆಯ ತಪಾಸಣೆಯಲ್ಲಿ ಬಿದ್ದೆ. ಕೈಗಂಬಿ 36 ಅಂಗುಲ ಸರಿಯಾಗಿತ್ತು, ಸರಳುಗಳ ನಡುವೆ 4 ಅಂಗುಲದ ಚೆಂಡು ತೂರಲಿಲ್ಲ. ಮೆಟ್ಟಿಲಿಗೆ ಒಟ್ಟು ಐದು ಏರು, 38 ಅಂಗುಲವನ್ನು ಐದರಿಂದ ಭಾಗಿಸಿ ಒಂದೊಂದಕ್ಕೆ 7.6 ಅಂಗುಲ ಕೊಯ್ದಿದ್ದೆ. ಆದರೆ ಕಿತ್ತಿದ್ದ ಪೇವರ್‌ಗಳಲ್ಲಿ ಕೆಲವನ್ನು, ಚೆನ್ನಾಗಿ ಕಾಣಲೆಂದು, ತಪಾಸಣೆಯ ಹಿಂದಿನ ಶನಿವಾರ ಮೆಟ್ಟಿಲಿನ ಬುಡದಲ್ಲಿ ಮರಳಿನ ಮೇಲೆ ಹಾಸಿದ್ದೆ. ನೆಲ ಎರಡೂವರೆ ಅಂಗುಲ ಮೇಲೆದ್ದು, ಕೊನೆಯ ಏರು ಸುಮಾರು ಐದು ಅಂಗುಲಕ್ಕೆ ಇಳಿದಿತ್ತು. ಒಂದೇ ಸಾಲಿನ ಮೆಟ್ಟಿಲುಗಳ ನಡುವೆ ಇರಬಹುದಾದ ವ್ಯತ್ಯಾಸ 3/8 ಅಂಗುಲ ಮಾತ್ರ. ಪೇವರ್ ಎತ್ತಿ, ಮಣ್ಣು ತೆಗೆದು, ನೆಲಮಟ್ಟಕ್ಕೆ ಇಳಿಸಿ ಮತ್ತೆ ಕರೆದಾಗ ಇನ್ಸ್‌ಪೆಕ್ಟರ್ ಮೆಟ್ಟಿಲನ್ನು ಅಳೆಯಲೂ ಇಲ್ಲ, ಹತ್ತಿ ಇಳಿದು ಸಹಿ ಹಾಕಿದರು.

ಒಟ್ಟು ಖರ್ಚು 9 ಸಾವಿರ ಡಾಲರ್ ಮುಟ್ಟಲಿಲ್ಲ. ಹಾಳಾದ ಆಗರ್ ಬಾಡಿಗೆ ಮತ್ತು ಪೈಪ್ ರಿಪೇರಿ ಇದರಲ್ಲೇ ಸೇರಿವೆ. ಕಳೆದ ಜುಲೈನಲ್ಲಿ ಅದರ ಮೇಲೆ ಅರಳು ಸಂಡಿಗೆ ಹಾಕಿದ್ದೆವು, ಕಂದು ಬಣ್ಣದ ಕಾಂಪೋಸಿಟ್ ಹಲಗೆ ಎಷ್ಟು ಕಾಯುತ್ತದೆಂದರೆ ಒಂದೂವರೆ ದಿನಕ್ಕೆ ಗರಿಗರಿಯಾಯಿತು, ಬರಿಗಾಲಿನಲ್ಲಿ ಮಾತ್ರ ನಿಲ್ಲಲಾಗುವುದಿಲ್ಲ. ಈಗ ಶ್ರೀಮತಿಯವರು ಅರ್ಧ ಭಾಗಕ್ಕೆ ಚಾವಣಿ ಬೇಕೆನ್ನುತ್ತಿದ್ದಾರೆ. ಚಾವಣಿ ಬಂದರೆ ಹಿಮದ ಹೊರೆ ಸೇರಿ ನನ್ನ 18 ಅಂಗುಲದ ಫೂಟಿಂಗ್ ಸಾಲದು, ಅದು ಕಟ್ಟಡದ ಲೆಕ್ಕಕ್ಕೆ ಸೇರಿ ಹಿಂದೆ 25 ಅಡಿ ಬಿಡಬೇಕಾಗುತ್ತದೆ, ನಲವತ್ತು ಮನೆಗಳಿಗೆ ನೋಟಿಸ್ ಹೋಗಬೇಕಾಗುತ್ತದೆ. ಸದ್ಯಕ್ಕೆ ದೊಡ್ಡದೊಂದು ಕೊಡೆ ತಂದಿದ್ದೇನೆ. ಕೊಡೆಗೆ ಪರ್ಮಿಟ್ ಬೇಡವೆಂದು ಜೋನಿಂಗ್ ಅಧಿಕಾರಿಯನ್ನು ಕೇಳಿಯೇ ತಂದೆ.