ದಾಸವಾಳದ ತುದಿಯ ಐದು ಗುಂಡಿಗಳು

ಹೂವಿನ ಮ್ಯಾಕ್ರೋ ಫೋಟೋ (ತೀರಾ ಹತ್ತಿರದಿಂದ ತೆಗೆಯುವ ಚಿತ್ರ) ಅಂದರೆ ಎಲ್ಲವೂ ಲೆನ್ಸ್ ಮೇಲೆ ನಿಂತಿದೆ ಅಂತ ಬಹಳ ದಿನ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಹೂವು ಅಲ್ಲಾಡದ ಹಾಗೆ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ನನ್ನ ಸ್ಟುಡಿಯೋ ಅಂದರೆ ಕಿಟಕಿ ಪಕ್ಕದ ಒಂದು ಮೇಜು. ಗಾಜಿಗೆ ಟ್ರೇಸಿಂಗ್ ಪೇಪರ್ ಅಂಟಿಸಿದ್ದೇನೆ, ಬೆಳಕು ಮೆತ್ತಗೆ ಬೀಳಲಿ ಅಂತ. ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಾಳೆ, ಹಿಂದೆ ಸ್ವಲ್ಪ ದೂರದಲ್ಲಿ ಕಪ್ಪು ಬಟ್ಟೆ. ತೊಟ್ಟು ಹಿಡಿಯೋಕೆ ಒಂದು ಕ್ಲಿಪ್ಪು.

ದಾಸವಾಳದ ನಡುವಿನ ಕಡ್ಡಿಯ ತುದಿಯಲ್ಲಿ ಐದು ಪುಟ್ಟ ಕೆಂಪು ಗುಂಡಿಗಳಿವೆ, ನೋಡಿದ್ದೀರಲ್ವಾ? ನನಗೆ ಅವು ಬೇಕಿದ್ದವು. ಒಂದಕ್ಕೆ ಒಂದು ಅಳತೆಯಲ್ಲಿ, ಅಂದರೆ ಸೆನ್ಸರ್ ಮೇಲೆ ಬೀಳುವ ಬಿಂಬ ವಸ್ತುವಿನಷ್ಟೇ ದೊಡ್ಡದಿದ್ದಾಗ, ಲೆನ್ಸಿನ ಕಿಂಡಿಯನ್ನು ಎಫ್/8ಕ್ಕೆ ಇಟ್ಟರೂ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಫೋಕಸ್ ಸಿಗುವುದು ಸುಮಾರು 1 ಮಿ.ಮೀ. ಆಳಕ್ಕೆ ಮಾತ್ರ. ಒಂದು ಗುಂಡಿ ಚೂಪಾಗಿ ಬಂದರೆ ಪಕ್ಕದ್ದು ಮಸುಕು. ಕಿಂಡಿಯನ್ನು ಎಫ್/22ಕ್ಕೆ ಇನ್ನೂ ಕಿರಿದು ಮಾಡಿದೆ. ಆಳ ಜಾಸ್ತಿಯಾಯಿತು, ಆದರೆ ಕಿರಿದಾದ ಕಿಂಡಿ ದಾಟುವಾಗ ಬೆಳಕು ಹರಡಿಕೊಳ್ಳುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಯಿತು. ಉಳಿದ ದಾರಿ ಫೋಕಸ್ ಸ್ಟ್ಯಾಕಿಂಗ್. ಕ್ಯಾಮೆರಾವನ್ನು ರೈಲ್ (ಹಿಂದೆ ಮುಂದೆ ಸರಿಸುವ ಪಟ್ಟಿ) ಮೇಲೆ ಅರ್ಧ ಅರ್ಧ ಮಿ.ಮೀ. ಸರಿಸುತ್ತಾ ಸುಮಾರು 25 ಫ್ರೇಮ್ ತೆಗೆದು, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಒಂದು ಮಾಡುವುದು.

ಮೊದಲ ಸ್ಟ್ಯಾಕ್ ನೋಡಿ ಬೇಜಾರಾಯಿತು. ಪ್ರತಿ ಗುಂಡಿಗೂ ಎರಡೆರಡು ಅಂಚು! ರೈಲ್ ಸಡಿಲವಿರಬೇಕು ಅಂದುಕೊಂಡೆ. ಟ್ರೈಪಾಡ್‌ನ ಸ್ಕ್ರೂ ಬಿಗಿ ಮಾಡಿದೆ, 2 ಸೆಕೆಂಡಿನ ಟೈಮರ್ ಹಾಕಿದೆ. ಮತ್ತೆ ಅದೇ. ಕೊನೆಗೆ ರೈಲನ್ನು ಮುಟ್ಟದೆ, ಹತ್ತು ನಿಮಿಷ ಬಿಟ್ಟು ಎರಡು ಫೋಟೋ ತೆಗೆದು ಹೋಲಿಸಿದೆ. ಕಡ್ಡಿ ಕೆಳಕ್ಕೆ ಬಾಗಿತ್ತು. ಕೂದಲೆಳೆಯಷ್ಟೇ, ಆದರೆ ಈ ಅಳತೆಯಲ್ಲಿ ಅಷ್ಟು ಸಾಕು. ಆಗಷ್ಟೇ ಕಿತ್ತ, ಇನ್ನೂ ಅರಳುತ್ತಿದ್ದ ಹೂವು ಅದು. ಜೊತೆಗೆ ಬಿಸಿಯಾಗುವ ದೀಪವನ್ನು ತೀರಾ ಹತ್ತಿರ ಇಟ್ಟಿದ್ದೆ.

ಈಗ ಪೂರ್ತಿ ಅರಳಿದ ಹೂವನ್ನೇ ಆರಿಸುತ್ತೇನೆ. ತೊಟ್ಟನ್ನು ನೀರಿನಲ್ಲಿಟ್ಟು ಅರ್ಧ ಗಂಟೆ ಸುಮ್ನೆ ಬಿಡುತ್ತೇನೆ. ಕ್ಲಿಪ್ಪನ್ನು ಹೂವಿಗೆ ಆದಷ್ಟು ಹತ್ತಿರ ಹಾಕುತ್ತೇನೆ. ಫ್ಯಾನ್ ಆಫ್, ಬಾಗಿಲು ಮುಚ್ಚಿರಬೇಕು. ಶಟರ್ ಬೀಳುವಾಗ ಹೂವಿನ ಕಡೆ ಉಸಿರೂ ಬಿಡುವುದಿಲ್ಲ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಎರಡೂ ಮ್ಯಾನ್ಯುವಲ್, ಫ್ರೇಮಿನಿಂದ ಫ್ರೇಮಿಗೆ ಬದಲಾಗದಿರಲಿ ಅಂತ. ಮಧ್ಯದಲ್ಲಿ ಮೋಡ ಬಂದು ಬೆಳಕು ಬದಲಾದರೆ ಮೊದಲಿಂದ ಶುರು ಮಾಡುವುದೇ ವಾಸಿ, ಆಮೇಲೆ ಸರಿ ಮಾಡೋಣ ಅಂತ ಮುಂದುವರಿದರೆ ಕಲೆ ಕಲೆಯಾಗಿ ಕಾಣುತ್ತದೆ. ಜಾಸ್ತಿ ಹೊತ್ತು ಕಾಯೋಕೂ ಆಗುವುದಿಲ್ಲ. ದಾಸವಾಳ ಸಾಮಾನ್ಯವಾಗಿ ಒಂದೇ ದಿನದ ಹೂವು.

ಹೀಗೆ ತೆಗೆದ ಸ್ಟ್ಯಾಕ್ ಮೊದಲ ಸಲ ಸರಿಯಾಗಿ ಕೂತಾಗ ಪರದೆಯ ಮುಂದಿಂದ ಏಳಲು ಮನಸ್ಸೇ ಬರಲಿಲ್ಲ. ಬರಿಗಣ್ಣಿಗೆ ನುಣ್ಣಗಿದ್ದ ಗುಂಡಿಗಳ ಮೈತುಂಬ ಮಖಮಲ್ಲಿನಂಥ ಕೆಂಪು ರೋಮ. ಎಡಗಡೆಯ ಗುಂಡಿಯ ರೋಮಗಳ ನಡುವೆ ಹಳದಿ ಪರಾಗದ ಮೂರು ಕಾಳು ಸಿಕ್ಕಿಕೊಂಡಿದ್ದವು. ಹೂವು ಕೈಯಲ್ಲಿದ್ದಾಗ ಅವು ನನಗೆ ಕಂಡೇ ಇರಲಿಲ್ಲ.