ಸಿಪಿಯು ಆಫ್‌ಲೈನ್ ಹೋದಾಗ ಅರ್ಧದಾರೀಲಿ ಉಳಿದ ಐಓ ರಿಕ್ವೆಸ್ಟ್‌ಗಳು: ನನ್ನ ಅನುಭವ

ನಮ್ಮ ಲ್ಯಾಬ್‌ನ ಒಂದು ಲಿನಕ್ಸ್ ಸರ್ವರ್‌ನಲ್ಲಿ ಹೈಪರ್‌ಥ್ರೆಡಿಂಗ್ (ಒಂದು ಕೋರ್ ಎರಡು ಸಿಪಿಯು ಥರ ಕೆಲಸ ಮಾಡೋದು, ಎಸ್‌ಎಂಟಿ ಅಂತಲೂ ಕರೀತಾರೆ) ಆಫ್ ಮಾಡ್ದಾಗ್ಲೆಲ್ಲ ಡೇಟಾಬೇಸ್ ಸುಮಾರು 30 ಸೆಕೆಂಡ್ ಉಸಿರು ಹಿಡ್ಕೊಂಡಂಗೆ ನಿಂತ್ಬಿಡ್ತಿತ್ತು, ಆಮೇಲೆ ತಾನಾಗೇ ಮತ್ತೆ ಓಡೋದು. ಇದು 2019ರ ಮಾತು. ಎಲ್1ಟಿಎಫ್, ಎಂಡಿಎಸ್ ಅನ್ನೋ ಪ್ರೊಸೆಸರ್ ದೋಷಗಳು ಹೊರಗೆ ಬಂದು ಎಲ್ಲರೂ ಎಸ್‌ಎಂಟಿ ಆಫ್ ಮಾಡೋಕೆ ಶುರು ಮಾಡಿದ್ದ ಸಮಯ, ರೀಬೂಟ್ ಮಾಡೋಕೆ ಆಗದ ಮಷಿನ್‌ಗಳಲ್ಲಿ ಸಿಸ್‌ಎಫ್‌ಎಸ್‌ನ (ಲಿನಕ್ಸ್ ಸೆಟ್ಟಿಂಗ್‌ಗಳು ಫೈಲ್ ಥರ ಕಾಣೋ ಜಾಗ) ಎಸ್‌ಎಂಟಿ ಕಂಟ್ರೋಲ್ ಫೈಲ್‌ಗೆ ಆಫ್ ಅಂತ ಬರೆದ್ರೆ ಸಾಕು, ಓಡ್ತಿರೋವಾಗ್ಲೇ ಪ್ರತಿ ಕೋರ್‌ನ ಎರಡನೇ ಥ್ರೆಡ್ ಆಫ್‌ಲೈನ್ ಆಗುತ್ತೆ. ನಮ್ದು 16 ಕೋರ್, 32 ಥ್ರೆಡ್ ಮಷಿನ್, ಲಿನಕ್ಸ್‌ನ ತಿರುಳಾದ ಕರ್ನಲ್‌ನ ವರ್ಷನ್ 4.19. ಪಕ್ಕದ ಸೀಟಿನ ಗೆಳೆಯ ನೋಡಿ "ಡಿಸ್ಕ್ ಹೋಗಿರ್ಬೇಕು ಕಣೋ, ಬದಲಾಯ್ಸಿ ನೋಡು" ಅಂದ, ಬದಲಾಯ್ಸಿದ್ವಿ, ಅದೇ ಕತೆ.

ಸುಳಿವು ಸಿಕ್ಕಿದ್ದು ಡಿಮೆಸೇಜ್‌ನಲ್ಲಿ, ಅಂದ್ರೆ ಕರ್ನಲ್‌ನ ಲಾಗ್‌ನಲ್ಲಿ. ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಡಿಸ್ಕ್) ಡ್ರೈವರ್ "ಟೈಮ್‌ಔಟ್, ಕಂಪ್ಲೀಷನ್ ಪೋಲ್ಡ್" ಅಂತ ಒಂದಷ್ಟು ಸಾಲು ಬರೆದಿತ್ತು. ಮೊದಲು ಬರೀ ಟೈಮ್‌ಔಟ್ ಅನ್ನೋ ಪದ ಕಣ್ಣಿಗೆ ಬಿದ್ದು ಡಿಸ್ಕ್ ನಿಧಾನ ಅನ್ಕೊಂಡಿದ್ದೆ, ಆದ್ರೆ ಮುಖ್ಯವಾದ್ದು ಎರಡನೇ ಅರ್ಧ. ಡಿಸ್ಕ್ ಕೆಲಸ ಮುಗಿಸಿ ಉತ್ತರ ಬರೆದಿಟ್ಟಾಗಿದೆ, ಕೆಲಸ ಮುಗೀತು ಅಂತ ಸಿಪಿಯುಗೆ ಹೇಳೋ ಇಂಟರಪ್ಟ್ ಮಾತ್ರ ಯಾರಿಗೂ ತಲುಪಿಲ್ಲ, ಎನ್‌ವಿಎಂಇಯ ಡೀಫಾಲ್ಟ್ ಟೈಮ್‌ಔಟ್ 30 ಸೆಕೆಂಡ್ ಕಳೆದ ಮೇಲೆ ಡ್ರೈವರ್ ತಾನೇ ಹೋಗಿ ಕಂಪ್ಲೀಷನ್ ಕ್ಯೂ ತೆರೆದು ನೋಡಿದಾಗ ಉತ್ತರ ಅಲ್ಲೇ ಬಿದ್ದಿತ್ತು.

ಇಂಟರಪ್ಟ್ ಯಾಕೆ ತಲುಪ್ಲಿಲ್ಲ? ಬಿಎಲ್‌ಕೆ-ಎಂಕ್ಯೂ (ಡಿಸ್ಕ್ ರಿಕ್ವೆಸ್ಟ್‌ಗಳನ್ನ ಹಲವು ಕ್ಯೂಗಳಲ್ಲಿ ಸಾಗಿಸೋ ಕರ್ನಲ್ ಪದರ) ಕರ್ನಲ್ 3.13ರಲ್ಲಿ ಬಂದಾಗಿಂದ ಪ್ರತಿ ಸಿಪಿಯುಗೂ ಒಂದು ಸಾಫ್ಟ್‌ವೇರ್ ಕ್ಯೂ ಇರುತ್ತೆ, ಅದ್ರ ಕೆಳಗೆ ಹಾರ್ಡ್‌ವೇರ್ ಕ್ಯೂ. ನಮ್ಮ ಎನ್‌ವಿಎಂಇ ಡಿಸ್ಕ್‌ನಲ್ಲಿ ಕ್ಯೂ ಧಾರಾಳವಾಗಿದ್ವು, ಹಂಗಾಗಿ 32 ಥ್ರೆಡ್‌ಗೆ 32 ಹಾರ್ಡ್‌ವೇರ್ ಕ್ಯೂ, ಒಂದಕ್ಕೊಂದು. ಇವುಗಳ ಇಂಟರಪ್ಟ್ ಮ್ಯಾನೇಜ್ಡ್ ಜಾತಿಯದ್ದು, ಯಾವ ಸಿಪಿಯುಗೆ ಹೋಗ್ಬೇಕು ಅಂತ ಕರ್ನಲ್ಲೇ ನಿರ್ಧರಿಸುತ್ತೆ, ನಾವು ಪ್ರಾಕ್ ಫೈಲ್‌ಗಳಲ್ಲಿ ಅಫಿನಿಟಿ (ಅಂದ್ರೆ ಆ ಸಿಪಿಯು ಪಟ್ಟಿ) ಬದಲಾಯ್ಸೋಕೆ ಹೋದ್ರೆ ಎರರ್ ಬರುತ್ತೆ. ಮಾಮೂಲಿ ಇಂಟರಪ್ಟ್ ಆದ್ರೆ ಸಿಪಿಯು ಹೋದಾಗ ಇನ್ನೊಂದಕ್ಕೆ ವರ್ಗ ಆಗುತ್ತೆ, ಮ್ಯಾನೇಜ್ಡ್ ಇಂಟರಪ್ಟ್ ಹಂಗಲ್ಲ, ತನ್ನ ಪಟ್ಟಿಯ ಕೊನೇ ಸಿಪಿಯು ಹೋದ ತಕ್ಷಣ ಪೂರ್ತಿ ಮುಚ್ಚಿಹೋಗುತ್ತೆ. ನಾವು ಒಂದೇ ಏಟಿಗೆ 16 ಥ್ರೆಡ್ ತೆಗೆದ್ವಿ ಅಂದ್ರೆ 16 ಕ್ಯೂಗಳ ಬಾಗಿಲು ಮುಚ್ಚಿತು.

ಇಲ್ಲಿ ಎರಡು ಥರದ ಪೆಂಡಿಂಗ್ ಇದೆ ಅನ್ನೋದು ನಂಗೆ ಅರ್ಥ ಆಗೋಕೆ ಟೈಮ್ ಹಿಡೀತು. ಬ್ಯಾಂಕ್ ಕೌಂಟರ್ ನೆನಪು ಮಾಡ್ಕೊಳ್ಳಿ. ಸಾಲಲ್ಲಿ ನಿಂತವರು ಬೇರೆ, ಪಾಸ್‌ಬುಕ್ ಒಳಗೆ ಕೊಟ್ಟು ಕಾಯ್ತಿರೋರು ಬೇರೆ. ಸಾಫ್ಟ್‌ವೇರ್ ಕ್ಯೂನಲ್ಲಿ ನಿಂತಿರೋ ರಿಕ್ವೆಸ್ಟ್‌ಗಳಿಗೆ ಕರ್ನಲ್‌ನಲ್ಲಿ ಮೊದಲಿಂದ್ಲೂ ವ್ಯವಸ್ಥೆ ಇತ್ತು, ಸಿಪಿಯು ಡೆಡ್ ಅಂತ ನೋಟಿಫೈ ಆದಾಗ ಆ ಲಿಸ್ಟನ್ನ ಪೂರ್ತಿ ಕಿತ್ತು ಹಾರ್ಡ್‌ವೇರ್ ಕ್ಯೂನ ಡಿಸ್‌ಪ್ಯಾಚ್ ಲಿಸ್ಟ್‌ನ ಬಾಲಕ್ಕೆ ಸೇರ್ಸಿ ಕ್ಯೂ ಓಡಿಸ್ತಾರೆ. ಆ ಹಾರ್ಡ್‌ವೇರ್ ಕ್ಯೂಗೆ ಇನ್ನೊಂದು ಸಿಪಿಯು ಜೀವಂತ ಇದ್ರೆ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಹೋಗಿದ್ದೇ ಕೊನೇ ಸಿಪಿಯು ಆದ್ರೆ? ರಿಕ್ವೆಸ್ಟ್‌ನ ಟ್ಯಾಗ್ (ಅದಕ್ಕೆ ಕೊಟ್ಟ ಗುರುತಿನ ನಂಬರ್) ಅದೇ ಕ್ಯೂಗೆ ಸೇರಿದ್ದು, ಬೇರೆ ಕ್ಯೂಗೆ ಎತ್ತಿ ಹಾಕೋಕೆ ಬರಲ್ಲ, ಅಂದ್ರೆ ಸಾಲಲ್ಲಿ ನಿಂತವರನ್ನೂ ಮುಚ್ಚಿದ ಕೌಂಟರಿಗೇ ತಳ್ಳಿದ ಹಾಗೆ, ಅವೂ ಹೋಗಿ 30 ಸೆಕೆಂಡ್ ಕಾಯ್ತವೆ. ಡಿಸ್ಕ್‌ಗೆ ಆಗ್ಲೇ ಹೋದವಂತೂ ಕಾಯಲೇಬೇಕು.

4.19 ಬದಲಾಯ್ಸೋಕೆ ಆಗ ಅನುಮತಿ ಇರಲಿಲ್ಲ, ಹಂಗಾಗಿ ಒಂದು ಸ್ಕ್ರಿಪ್ಟ್ ಬರೆದೆ. ಎಸ್‌ಎಂಟಿ ಫೈಲ್ ಬಿಟ್ಟು ಒಂದೊಂದೇ ಸಿಪಿಯು ತೆಗೆಯೋದು, ತೆಗೆಯೋ ಮುಂಚೆ ಸಿಪಿಯುಸೆಟ್ (ಯಾವ ಪ್ರೋಗ್ರಾಂ ಯಾವ ಸಿಪಿಯು ಮೇಲೆ ಓಡ್ಬೇಕು ಅನ್ನೋ ಸೆಟ್ಟಿಂಗ್) ಬಳಸಿ ಡೇಟಾಬೇಸನ್ನ ಆ ಸಿಪಿಯುನಿಂದ ಬಿಡಿಸೋದು, ರೈಟ್‌ಬ್ಯಾಕ್ ವರ್ಕ್‌ಕ್ಯೂನ (ಮೆಮೊರಿಯ ಡೇಟಾನ ಡಿಸ್ಕ್‌ಗೆ ಬರೆಯೋ ಕರ್ನಲ್ ಕೆಲಸಗಳು) ಸಿಪಿಯು ಮಾಸ್ಕ್‌ನಿಂದ್ಲೂ ಅದನ್ನ ತೆಗೆಯೋದು, ಆಮೇಲೆ ಡಿಬಗ್‌ಎಫ್‌ಎಸ್‌ನಲ್ಲಿ (ಕರ್ನಲ್‌ನ ಒಳಸ್ಥಿತಿ ತೋರಿಸೋ ಫೈಲ್‌ಗಳು) ಆ ಹಾರ್ಡ್‌ವೇರ್ ಕ್ಯೂನ "ಬ್ಯುಸಿ" ಫೈಲ್ ಖಾಲಿ ಆಗೋವರೆಗೆ ಕಾದು ಆಫ್‌ಲೈನ್ ಮಾಡೋದು. ಬಹುತೇಕ ನಿಂತುಹೋಯ್ತು, ಪೂರ್ತಿ ಅಲ್ಲ, ಯಾಕಂದ್ರೆ ಸಿಪಿಯುಗೆ ಕಟ್ಟಿಹಾಕಿದ ಕರ್ನಲ್ ವರ್ಕರ್‌ಗಳು ಕೊನೇ ಗಳಿಗೇಲೂ ಐಓ ಕಳಿಸಬಹುದು, ಖಾಲಿ ಇದೆ ಅಂತ ನೋಡೋದಕ್ಕೂ ಮುಚ್ಚೋದಕ್ಕೂ ನಡುವೆ ಸಂದು ಇದ್ದೇ ಇರುತ್ತೆ. ಯೂಸರ್‌ಸ್ಪೇಸ್‌ನಿಂದ, ಅಂದ್ರೆ ಕರ್ನಲ್ ಹೊರಗಿನ ಸ್ಕ್ರಿಪ್ಟ್‌ನಿಂದ, ಆ ಸಂದು ಮುಚ್ಚೋಕೆ ಆಗಲ್ಲ.

2020ರ 5.8 ಕರ್ನಲ್‌ನಲ್ಲಿ ಇದಕ್ಕೆ ಸರಿಯಾದ ಪರಿಹಾರ ಬಂತು, ನಂಗೆ ತುಂಬಾ ಇಷ್ಟವಾದ ಕೋಡ್ ಅದು. ಸಿಪಿಯು ಇನ್ನೂ ಜೀವಂತ ಇರೋವಾಗ್ಲೇ, ಇಂಟರಪ್ಟ್ ಮುಚ್ಚೋ ಮುಂಚೆ, ಹೋಗ್ತಿರೋದು ಆ ಕ್ಯೂನ ಕೊನೇ ಸಿಪಿಯುನಾ ಅಂತ ನೋಡಿ, ಹೌದಾದ್ರೆ ಕ್ಯೂಗೆ ಇನ್‌ಆಕ್ಟಿವ್ ಅಂತ ಬಿಟ್ ಹಾಕಿ, 5 ಮಿಲಿಸೆಕೆಂಡ್ ಮಲಗಿ ಎದ್ದು ಮಲಗಿ ಎದ್ದು ಒಳಗಿರೋ ಎಲ್ಲ ರಿಕ್ವೆಸ್ಟ್ ಮುಗಿಯೋವರೆಗೆ ಕಾಯುತ್ತೆ. ಹೊಸದಾಗಿ ಟ್ಯಾಗ್ ಕೇಳ್ಕೊಂಡು ಬಂದವರು ಬಿಟ್ ನೋಡಿ ಟ್ಯಾಗ್ ವಾಪಸ್ ಕೊಟ್ಟು ಬೇರೆ ಸಿಪಿಯುನಿಂದ ಮತ್ತೆ ಪ್ರಯತ್ನ ಮಾಡ್ತಾರೆ.

ಇದು ನಂಗೆ ನೇರವಾಗಿ ಬೇಕಾಗಿದ್ದು ಬೇರೆ ಕಾರಣಕ್ಕೆ. ನಾನು ನೋಡ್ಕೊಳ್ತಿದ್ದ ಒಂದು ಪಿಸಿಐಇ ಕಾರ್ಡ್‌ನ ಡ್ರೈವರ್ ಬಯೋ ಆಧಾರಿತ (ಬಯೋ ಅಂದ್ರೆ ಕರ್ನಲ್‌ನಲ್ಲಿ ಒಂದು ಐಓನ ಮೂಲ ರೂಪ, ಅದನ್ನ ನೇರವಾಗಿ ತಗೊಳ್ಳುತ್ತೆ), ಬಿಎಲ್‌ಕೆ-ಎಂಕ್ಯೂ ಒಳಗೆ ಬರೋದೇ ಇಲ್ಲ, ಪ್ರತಿ ಸಿಪಿಯುಗೆ ನಾವೇ ಕಟ್ಟಿದ ಪೆಂಡಿಂಗ್ ಲಿಸ್ಟ್, ಟೈಮ್‌ಔಟ್‌ನಲ್ಲಿ ಪೋಲ್ ಮಾಡೋ ವ್ಯವಸ್ಥೇನೂ ಇಲ್ಲ. ಅಲ್ಲಿ ರಿಕ್ವೆಸ್ಟ್ ಸಿಕ್ಕಾಕೊಂಡ್ರೆ ಶಾಶ್ವತವಾಗಿ ಸಿಕ್ಕಾಕೊಂಡ ಹಾಗೆ. ಅದೇ ಉಪಾಯ ಇಲ್ಲೂ ಮಾಡೋಣ ಅಂತ ಕೂತೆ.

ಮೊದಲ ಸಲ ಹಾಟ್‌ಪ್ಲಗ್ ಕಾಲ್‌ಬ್ಯಾಕನ್ನ (ಸಿಪಿಯು ತೆಗೆಯೋವಾಗ ಕರ್ನಲ್ ಕರೆಯೋ ನಮ್ಮ ಫಂಕ್ಷನ್) ಡೆಡ್ ಹಂತದಲ್ಲಿ ಹಾಕಿದೆ. ಅದು ಓಡೋ ಹೊತ್ತಿಗೆ ಸಿಪಿಯು ಹೋಗಿ ಇಂಟರಪ್ಟೂ ಮುಚ್ಚಿರುತ್ತೆ, ನಾನು ಯಾವುದಕ್ಕೆ ಕಾಯ್ತಿದ್ದೀನೋ ಅದು ಬರೋಕೆ ದಾರಿನೇ ಇಲ್ಲ. ಆಫ್‌ಲೈನ್ ಕಮಾಂಡೇ ಹ್ಯಾಂಗ್ ಆಗಿ 120 ಸೆಕೆಂಡ್ ಆದ್ಮೇಲೆ ಹಂಗ್ ಟಾಸ್ಕ್ ಎಚ್ಚರಿಕೆ ಬಂತು. ಕಾಲ್‌ಬ್ಯಾಕನ್ನ ಆನ್‌ಲೈನ್ ಹಂತಕ್ಕೆ ಸರಿಸಿದೆ, ಅಲ್ಲಿ ಹೋಗ್ತಿರೋ ಸಿಪಿಯು ಮೇಲೇ ಅದು ಓಡುತ್ತೆ, ಮಲಗೋಕೂ ಆಗುತ್ತೆ, ಇಂಟರಪ್ಟೂ ಜೀವಂತ.

ಆಮೇಲೂ ಅಪರೂಪಕ್ಕೆ ಒಂದು ರಿಕ್ವೆಸ್ಟ್ ನುಸುಳ್ತಿತ್ತು. ಎಫ್‌ಐಓ (ಡಿಸ್ಕ್ ಮೇಲೆ ಐಓ ಹೊರೆ ಹಾಕೋ ಟೂಲ್) ಹಾಕಿ ರಾತ್ರಿಯಿಡೀ ಸಿಪಿಯು ತೆಗೆದು ಹಾಕಿ ತೆಗೆದು ಹಾಕಿ ಮಾಡಿದ್ರೆ ಬೆಳಗ್ಗೆ ಒಂದೇ ಒಂದು ಸಿಕ್ಕಾಕೊಂಡಿರೋದು (ಕರ್ನಲ್‌ನ ಡಿಸ್ಕ್ ಪದರಕ್ಕಿರೋ ಟೆಸ್ಟ್‌ಗಳ ಗುಂಪು ಬಿಎಲ್‌ಕೆಟೆಸ್ಟ್ಸ್‌ನಲ್ಲಿ ಬ್ಲಾಕ್ 008 ಅಂತ ಇದೇ ಥರದ ಟೆಸ್ಟ್ ಇದೆ, ಡ್ರೈವರ್ ಬರೆಯೋರು ಖಂಡಿತ ಓಡಿಸಿ). ಕಾರಣ ನನ್ನ ಸಬ್‌ಮಿಟ್ ಕೋಡ್ ಮೊದಲು ಫ್ಲಾಗ್ (ಈ ಲಿಸ್ಟ್ ಮುಚ್ತಿದೆ ಅನ್ನೋ ಗುರುತು) ನೋಡಿ ಆಮೇಲೆ ಕೌಂಟ್ (ಒಳಗಿರೋ ರಿಕ್ವೆಸ್ಟ್‌ಗಳ ಲೆಕ್ಕ) ಏರಿಸ್ತಿತ್ತು. ಆ ಎರಡರ ನಡುವೆ ಇನ್ನೊಂದು ಕಡೆ ಕಾಲ್‌ಬ್ಯಾಕ್ ಫ್ಲಾಗ್ ಹಾಕಿ ಕೌಂಟ್ ಸೊನ್ನೆ ಅಂತ ನೋಡಿ ಹೊರಟುಹೋಗಿರುತ್ತೆ. ಕ್ರಮ ತಿರುಗಿಸಿದೆ: ಮೊದಲು ಕೌಂಟ್ ಏರಿಸು, ಬ್ಯಾರಿಯರ್ (ಹಿಂದಿನ ಮುಂದಿನ ಕೆಲಸಗಳ ಕ್ರಮವನ್ನ ಸಿಪಿಯು ಅದಲುಬದಲು ಮಾಡದ ಹಾಗೆ ತಡೆಯೋದು), ಆಮೇಲೆ ಫ್ಲಾಗ್ ನೋಡು, ಫ್ಲಾಗ್ ಇದ್ರೆ ಕೌಂಟ್ ಇಳಿಸಿ ಬೇರೆ ಸಿಪಿಯು ಲಿಸ್ಟ್‌ಗೆ ಹೋಗು. ಕಾಲ್‌ಬ್ಯಾಕ್ ಕಡೆ ಮೊದಲು ಫ್ಲಾಗ್ ಹಾಕು, ಬ್ಯಾರಿಯರ್, ಆಮೇಲೆ ಕೌಂಟ್ ನೋಡು. ಬ್ಯಾರಿಯರ್ ಎರಡೂ ಕಡೆ ಬೇಕು, ಒಂದು ಕಡೆ ಬಿಟ್ಟು ನೋಡಿದೆ, ಮತ್ತೆ ನುಸುಳಿತು.

ಇನ್ನೊಂದು ತೀರ್ಮಾನ ಉಳಿದಿತ್ತು, ಕಾರ್ಡ್ ಉತ್ತರಾನೇ ಕೊಡದಿದ್ರೆ ಎಷ್ಟು ಹೊತ್ತು ಕಾಯೋದು. ಆನ್‌ಲೈನ್ ಹಂತದ ಕಾಲ್‌ಬ್ಯಾಕ್ ಎರರ್ ಕೊಟ್ರೆ ಕರ್ನಲ್ ಆಫ್‌ಲೈನನ್ನೇ ರದ್ದು ಮಾಡಿ ಸಿಪಿಯುನ ವಾಪಸ್ ಮೊದಲಿನ ಸ್ಥಿತಿಗೆ ತರುತ್ತೆ. ಹಂಗಾಗಿ 30 ಸೆಕೆಂಡ್ ಕಾದು, ಒಂದು ಸಲ ಕಂಪ್ಲೀಷನ್ ಕ್ಯೂನ ಕೈಯಾರೆ ಪೋಲ್ ಮಾಡಿ, ಆಗ್ಲೂ ಕೌಂಟ್ ಸೊನ್ನೆ ಆಗಿಲ್ಲ ಅಂದ್ರೆ ಫ್ಲಾಗ್ ತೆಗೆದು "ಬ್ಯುಸಿ" ಅಂತ ಎರರ್ ಕೊಡ್ತೀನಿ. ಅಡ್ಮಿನ್‌ಗೆ ಸಿಪಿಯು ತೆಗೆಯೋಕೆ ಆಗ್ಲಿಲ್ಲ ಅಂತ ತಕ್ಷಣ ಗೊತ್ತಾಗುತ್ತೆ, ಯಾರದ್ದೋ ರೈಟ್ ಮುಚ್ಚಿದ ಕ್ಯೂನಲ್ಲಿ ಉಳಿದುಹೋಗಲ್ಲ.